ಟವಲಿನ ಕೆಳಗಿನ ಆಟ

ಜನ ಯಾರ್ಯಾರದೋ ಪಕ್ಷ ಕಟ್ಟಿಕೊಂಡು ಸೋಲುತ್ತಾರೆ. ನಾನು ಸೋತದ್ದು ಜಪಾನಿನ ಒಂದು ವಿಡಿಯೋ ಗೇಮ್ ಕಂಪನಿಯ ಪಕ್ಷ ಕಟ್ಟಿಕೊಂಡು. ಶ್ರೀನಿವಾಸಪುರ ಎಂಬ ಊರೊಂದು ಇದೆ ಎಂದು ಆ ಕಂಪನಿಯವರಿಗೆ ಗೊತ್ತಿರಲಿಲ್ಲ. ಅಲ್ಲಿ ಎರಡು ಜಡೆಯ ಒಬ್ಬಳು ಹುಡುಗಿ ಅವರ ಮರ್ಯಾದೆ ಉಳಿಸಲು ತನ್ನ ಸೋದರಮಾವನ ಮಗನ ತೋಳು ಕಚ್ಚಿದ್ದಾಳೆ ಎಂಬುದಂತೂ ಖಂಡಿತ ಗೊತ್ತಿರಲಿಲ್ಲ. ಗೊತ್ತಿದ್ದರೆ ಒಂದು ಕಾಗದವನ್ನಾದರೂ ಬರೆಯುತ್ತಿದ್ದರು. ಹಲ್ಲಿನ ಗುರುತು ಇನ್ನೂ ಇದೆ ಎಂದು ಅವನು ಈಗಲೂ ಮದುವೆ ಮನೆಗಳಲ್ಲಿ ತೋಳು ಮಡಚಿ ತೋರಿಸುತ್ತಾನೆ. ಸುಳ್ಳು, ಅದು ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಯ ಕಲೆ.

ನಮ್ಮಪ್ಪ ಮುಳಬಾಗಿಲಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ನಮ್ಮ ಮನೆಯೂ ಅಲ್ಲೇ. ಆದರೆ ಯಾರಾದರೂ ಊರು ಕೇಳಿದರೆ ನಾನು ಶ್ರೀನಿವಾಸಪುರ ಅನ್ನುತ್ತಿದ್ದೆ. ಅಮ್ಮನ ತವರು ಅಲ್ಲಿ, ತಾತನ ಮಾವಿನ ಮಂಡಿ ಅಲ್ಲಿ, ಬೇಸಿಗೆ ರಜೆಯೂ ಅಲ್ಲಿ. ಕೊನೆಯ ಪರೀಕ್ಷೆ ಮುಗಿದ ಮಧ್ಯಾಹ್ನವೇ ಬಟ್ಟೆಯ ಚೀಲ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಂತುಬಿಡುತ್ತಿದ್ದೆ. ಒಂದು ಸಲ ಅಪ್ಪ, "ನಾಳೆ ಡ್ರಾಯಿಂಗ್ ಪರೀಕ್ಷೆ ಅಲ್ವೇನೇ?" ಎಂದು ಕೇಳಿದರು. "ಅದು ಲೆಕ್ಕಕ್ಕಿಲ್ಲಪ್ಪ," ಅಂದೆ. ಲೆಕ್ಕಕ್ಕಿತ್ತು ಎಂದು ಜೂನ್ ತಿಂಗಳಲ್ಲಿ ಗೊತ್ತಾಯಿತು.

ಆ ಕಾಲಕ್ಕೆ ತಾತನ ಮಂಡಿ ಊರಿಗೇ ದೊಡ್ಡದು. ಮುಂದೆ ಮಂಡಿ, ಹಿಂದೆ ಮನೆ, ನಡುವೆ ಒಂದೇ ಬಾಗಿಲು. ಮೇ ತಿಂಗಳು ಬಂತೆಂದರೆ ರಸಪುರಿ, ಬಾದಾಮಿ, ತೋತಾಪುರಿ ಗುಡ್ಡೆಗಳು ಆ ಬಾಗಿಲನ್ನೂ ದಾಟಿ ಮನೆಯೊಳಕ್ಕೆ ಬರುತ್ತಿದ್ದವು. ಅಡುಗೆ ಮನೆಗೆ ಹೋಗಿ ಒಂದು ಲೋಟ ನೀರು ಕುಡಿಯಬೇಕಾದರೆ ಮಾವಿನಕಾಯಿ ದಾಟಿಕೊಂಡು ಹೋಗಬೇಕು. ಮಂಡಿಯ ಮೂಲೆಯಲ್ಲಿ ಬಿಳಿ ಬಟ್ಟೆ ಹೊದಿಸಿದ ಗಾದಿ, ಅದರ ಮೇಲೆ ದಿಂಬಿಗೆ ಒರಗಿದ ತಾತ. ತಾತನ ಬಲಗಡೆ ಕೊಳ್ಳಲು ಬಂದವರು. ಎಡಗಡೆಯ ಒಂದೂವರೆ ಅಡಿ ಜಾಗ ನನ್ನದು. ಐದನೇ ವರ್ಷದಲ್ಲಿ ಒಮ್ಮೆ ನಾನು ಅಲ್ಲಿ ನಿದ್ದೆ ಹೋದೆನಂತೆ, ತಾತ ಯಾರಿಗೂ ಎಬ್ಬಿಸಲು ಬಿಡಲಿಲ್ಲವಂತೆ. ಅಂದಿನಿಂದ ದೊಡ್ಡ ದೊಡ್ಡ ತೋಟದವರು ಬಂದರೂ ಅಲ್ಲಿ ಕೂರುತ್ತಿರಲಿಲ್ಲ. ಆ ಜಾಗ ನನಗೆ ಪ್ರಾಣ.

ಅಲ್ಲಿ ಕೂತರೆ ಊರಿನ ಅತ್ಯಂತ ದೊಡ್ಡ ಗುಟ್ಟು ನನ್ನ ಮೊಣಕಾಲಿನ ಪಕ್ಕದಲ್ಲೇ ನಡೆಯುತ್ತಿತ್ತು. ಮಾವಿನ ಮಂಡಿಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ತಾತ ಹೆಗಲ ಮೇಲಿನ ಟವಲು ತೆಗೆದು ತಮ್ಮ ಕೈ, ಕೊಳ್ಳುವವನ ಕೈ ಎರಡರ ಮೇಲೂ ಹಾಕುತ್ತಾರೆ. ಒಳಗೆ ಬೆರಳಿಗೆ ಬೆರಳು ಮಾತಾಡುತ್ತದೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಪೂರಾ ಕೈ ಹಿಡಿದರೆ ಐದು. ಸುತ್ತ ನಿಂತ ಇಪ್ಪತ್ತು ಜನಕ್ಕೆ ಕಾಣುವುದು ಅಲ್ಲಾಡುವ ಟವಲು ಮಾತ್ರ. ಟವಲಿನ ಕೆಳಗೆ ಕೈ ಇರುವಷ್ಟು ಹೊತ್ತು ಮಾತಾಡುವ ಹಾಗಿಲ್ಲ. ಅಲ್ಲಿ ಒಪ್ಪಿದ್ದನ್ನು ಆಮೇಲೆ ತಪ್ಪುವ ಹಾಗಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮುಖದಲ್ಲಿ ಏನೂ ತೋರಿಸುವ ಹಾಗಿಲ್ಲ. "ಕೈ ಕಂಡ್ರೆ ಬೆಲೆ ಬೀಳ್ತದೆ, ಮುಖ ಕಂಡ್ರೆ ಮಂಡೀನೇ ಬೀಳ್ತದೆ ಕಣೇ," ಎನ್ನುತ್ತಿದ್ದರು ತಾತ. ಅವರ ಮುಖ ಆ ಹೊತ್ತಿನಲ್ಲಿ ಊಟ ಮುಗಿಸಿ ನಿದ್ದೆಗೆ ಹೊರಟವರ ಮುಖದಂತಿರುತ್ತಿತ್ತು.

ಇಂಥ ಮನೆಗೆ ಆ ಮಿಷನ್ನು ಬಂತು. ತೊಂಬತ್ತರ ದಶಕದ ನಡುವಿನ ಮಾತು, ನನಗೆ ಒಂಬತ್ತು ವರ್ಷ. ಪ್ರತಿವರ್ಷ ನಾಗಪುರದ ಕಡೆಯಿಂದ ಬಾದಾಮಿ ಕೊಳ್ಳಲು ಬರುತ್ತಿದ್ದ ಒಬ್ಬ ಸೇಠು ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದು ಗಾದಿಯ ಮೇಲಿಟ್ಟರು. ಕಪ್ಪಗೆ ಚಪ್ಪಟೆಯಾಗಿ, ನಡುವೆ ಕ್ಯಾಸೆಟ್ ತೂರಿಸುವ ಬಾಯಿ, ಎರಡು ವೈರು, ವೈರಿನ ತುದಿಗೆ ಗುಂಡಿಗಳಿದ್ದ ಎರಡು ರಿಮೋಟು. ಈ ಕಂಪನಿಯ ಆಟ ಇಲ್ಲದ ಮನೆಯೇ ಅಮೆರಿಕದಲ್ಲಿ ಇಲ್ಲ, ಇಡೀ ಪ್ರಪಂಚದಲ್ಲಿ ಇವರೇ ನಂಬರ್ ಒನ್ ಎಂದು ಸೇಠು ಹಿಂದಿಯಲ್ಲಿ ಹೇಳಿದರು. ನಂಬರ್ ಒನ್ ಎಂಬ ಎರಡು ಪದ ಮಾತ್ರ ನನಗೆ ಅರ್ಥವಾಯಿತು. ಅಷ್ಟು ಸಾಕಾಯಿತು. ಊರಿಗೆ ದೊಡ್ಡ ಮಂಡಿ ನಮ್ಮದು, ಪ್ರಪಂಚಕ್ಕೆ ದೊಡ್ಡ ಕಂಪನಿ ಇದು, ದೊಡ್ಡವರ ಮನೆಗೆ ದೊಡ್ಡವರೇ ಬಂದಿದ್ದಾರೆ ಎಂದು ನಾನು ಆ ನಿಮಿಷದಲ್ಲೇ ಕಂಪನಿಯ ಕಡೆಯವಳಾದೆ.

ಮನೆಯಲ್ಲಿದ್ದದ್ದು ಮರದ ಬಾಗಿಲಿನ ಕಪ್ಪು ಬಿಳುಪು ಟಿವಿ. ಸ್ವಿಚ್ಚು ಹಾಕಿದ ಕೂಡಲೇ ಕಂಪನಿಯ ಗುರುತು ಮೂಡಿ, ಗಂಟೆ ಬಾರಿಸಿದಂಥ ಒಂದು ಸದ್ದು ಬರುತ್ತಿತ್ತು. ಅಜ್ಜಿ ಅಡುಗೆ ಮನೆಯಿಂದಲೇ ಕೈ ಮುಗಿಯುತ್ತಿದ್ದರು. "ಅದು ದೇವ್ರಲ್ಲ ಅಜ್ಜಿ, ಕಂಪನಿ," ಎಂದರೆ, "ಗಂಟೆ ಸದ್ದಾದ್ರೆ ಕೈ ತಾನಾಗ್ ಮುಗೀತದೆ, ನಾನೇನ್ ಮಾಡ್ಲಿ," ಎನ್ನುತ್ತಿದ್ದರು. ಆಮೇಲೆ ಕಂಪನಿಯ ಮುದ್ದಿನ ಪ್ರಾಣಿ ಕುಣಿಯುತ್ತಾ ಬರುತ್ತಿತ್ತು. ಅದು ಯಾವ ಪ್ರಾಣಿ ಎಂಬುದೇ ನಮಗೆ ಬಗೆಹರಿಯಲಿಲ್ಲ. ನಾನು ಅಳಿಲು ಅಂದೆ. ಕೋಲಾರದಿಂದ ರಜೆಗೆ ಬಂದಿದ್ದ ಮಾವನ ಮಗ ಮುಂಗುಸಿ ಅಂದ. ತಾತ ಕನ್ನಡಕ ಏರಿಸಿ ಒಂದು ನಿಮಿಷ ನೋಡಿ, "ಉಡ," ಎಂದು ತೀರ್ಪು ಕೊಟ್ಟರು. ಬಣ್ಣವೂ ಬೂದಿ, ಬಾಲವೂ ಉದ್ದ, ಇರಬಹುದು ಎಂದು ಎಲ್ಲರೂ ಒಪ್ಪಿದರು.

ನಮಗಿದ್ದದ್ದು ಒಂದೇ ಕ್ಯಾಸೆಟ್, ಅದರಲ್ಲಿ ಇಬ್ಬರು ಆಡುವ ಕುಸ್ತಿ, ಪೈಲ್ವಾನರಲ್ಲಿ ಆ ಉಡವೂ ಒಂದು. ತಾತ ಮೊದಲು ಅದನ್ನು ಮಕ್ಕಳಾಟ ಎಂದು ತಿರಸ್ಕರಿಸಿದರು. ಆಮೇಲೆ ಒಂದು ಅಮಾವಾಸ್ಯೆ, ಮಂಡಿಗೆ ರಜೆ, ಮಾಡಲು ಕೆಲಸವಿಲ್ಲ. ನಮ್ಮ ಹಿಂದೆ ಬಂದು ಕೂತರು. "ಏಂರಾ ಇದಿ, ಹಿಂಗ್ ಆಡ್ತೀರಲ್ಲ, ಯಾವ್ ಗುಂಡಿ ಒತ್ತೀರಾ ಅಂತ ಎದುರಿನೋನ್ಗೆ ಕಾಣ್ತದೆ," ಎಂದು ಬೈದರು. ತಾತನಿಗೆ ರೇಗಿದರೆ ಮಾತು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು. "ಕಾಣ್ಲಿ ಬಿಡು ತಾತ, ಆಟ ಟಿವೀಲಿ ತಾನೇ," ಎಂದ ಮಾವನ ಮಗ. ತಾತ ಅವನ ಕೈಯಿಂದ ರಿಮೋಟು ಕಿತ್ತುಕೊಂಡರು, ತೊಡೆಯ ಮೇಲಿಟ್ಟುಕೊಂಡರು, ಹೆಗಲ ಟವಲು ತೆಗೆದು ಅದರ ಮೇಲೆ ಹಾಕಿದರು, ಕೈ ಒಳಗೆ ಬಿಟ್ಟರು. ಮುಖ ನಿದ್ದೆಗೆ ಹೋಯಿತು.

ಮುಂದಿನ ಅರ್ಧ ಗಂಟೆಯಲ್ಲಿ ನಾವಿಬ್ಬರೂ ಸರದಿಯಂತೆ ಹನ್ನೊಂದು ಸಲ ಸತ್ತೆವು.

ಆ ಉಡ ತಾತನ ಕೈಯಲ್ಲಿ ಮಾತ್ರ ಮಾಡುತ್ತಿದ್ದ ಒಂದು ಪಟ್ಟು ಇತ್ತು. ನಿಂತಲ್ಲಿಂದ ಮೇಲಕ್ಕೆ ಹಾರಿ, ಗಾಳಿಯಲ್ಲಿ ಗರಗರ ಮೂರು ಸುತ್ತು ಸುತ್ತಿ, ಎದುರಾಳಿಯ ತಲೆಯ ಮೇಲೆ ಧೊಪ್ಪನೆ ಬೀಳುವುದು. ನಾವು ಅದಕ್ಕೆ ಗಿರಗಿಟ್ಲೆ ಎಂದು ಹೆಸರಿಟ್ಟೆವು. ಎಷ್ಟು ತಿಣುಕಿದರೂ ನಮಗೆ ಬರಲಿಲ್ಲ. ಯಾವ ಗುಂಡಿ, ಎಷ್ಟು ಸಲ, ಯಾವ ಕ್ರಮದಲ್ಲಿ ಎಂದು ಗೋಗರೆದೆ. ತಾತನ ಕಾಲು ಒತ್ತಿದೆ, ಬೆನ್ನು ಕೆರೆದೆ, ಅಜ್ಜಿ ಬೇಡವೆಂದ ಬೀಡಿಯನ್ನು ಕದ್ದು ತಂದುಕೊಟ್ಟೆ. ಒಂದು ಸಲ ಟವಲಿನ ಕೆಳಗೆ ತಲೆಯನ್ನೇ ತೂರಿಸಿದೆ. ಒಳಗೆ ಕತ್ತಲೆ, ನಶ್ಯದ ಘಾಟು. ಎಂಟು ಸೀನು ಸೀನಿ ಹೊರಗೆ ಬಂದೆ. "ಮಂಡಿ ಗುಟ್ಟು ಕಣೇ ಅದು, ಹಂಗೆಲ್ಲಾ ಹೇಳೋಕಾಗಲ್ಲ," ಎಂದು ತಾತ ನಕ್ಕರು. ತಾನೂ ತಿನ್ನ, ಪರರಿಗೂ ಕೊಡ ಎಂದು ಅಜ್ಜಿಯ ಹತ್ತಿರ ದೂರು ಕೊಟ್ಟೆ. ಅಜ್ಜಿಗೆ ಬೀಡಿಯ ವಿಷಯ ಗೊತ್ತಾಗಿ ನನಗೇ ಬೈಗುಳ ಬಿತ್ತು.

ಅಲ್ಲಿಂದ ಐದಾರು ಬೇಸಿಗೆ ನಮ್ಮ ಮನೆಯಲ್ಲಿ ನಡೆದದ್ದು ಹುಚ್ಚು, ಬೇರೆ ಮಾತಿಲ್ಲ. ಮಂಡಿಯ ವ್ಯಾಪಾರ ಮುಗಿದರೆ ಸಾಕು, ಹಮಾಲಿಗಳು, ತೋಟದವರು, ಲಾರಿ ಡ್ರೈವರ್‌ಗಳು ಎಲ್ಲರೂ ಮಾವಿನಕಾಯಿ ದಾಟಿಕೊಂಡು ನಡುಮನೆಗೆ ಬರುತ್ತಿದ್ದರು. ಆಡುವವರಿಬ್ಬರೂ ಎದುರು ಬದುರು ಕೂತು ಒಂದೇ ಟವಲಿನ ಕೆಳಗೆ ಎರಡು ರಿಮೋಟು ಹಿಡಿಯಬೇಕು, ಕತ್ತು ಮಾತ್ರ ಟಿವಿ ಕಡೆ ತಿರುಗಿಸಬೇಕು. ಅದು ತಾತನ ಕಾನೂನು. ಟವಲು ಇರುವಷ್ಟು ಹೊತ್ತು ಯಾರೂ ಉಸಿರೆತ್ತುವ ಹಾಗಿಲ್ಲ. ಮೂವತ್ತು ಜನ ಬಾಯಿಗೆ ಟವಲು ತುರುಕಿಕೊಂಡು, ಕಣ್ಣು ಕೆಂಪಾಗಿಸಿಕೊಂಡು, ಉಡ ಹಾರಿದಾಗೆಲ್ಲ ತೊಡೆ ಚಿವುಟಿಕೊಳ್ಳುತ್ತಿದ್ದರು. ಆಟ ಮುಗಿದು ತಾತ ಟವಲು ಕೊಡವಿದರೋ, ಬಿದ್ದ ಕೂಗಿಗೆ ಹಿತ್ತಲಿನ ಎಮ್ಮೆ ಹಗ್ಗ ಕಿತ್ತುಕೊಂಡು ಎರಡು ಸಲ ಓಡಿದೆ. ಸೇಠು ಒಂದು ವರ್ಷ ಸೋತ ಸಿಟ್ಟಿನಲ್ಲಿ ಬಾದಾಮಿ ಕೊಳ್ಳದೆ ಹೊರಟು, ಬಸ್ ಸ್ಟ್ಯಾಂಡಿನಿಂದ ವಾಪಸ್ಸು ಬಂದು ಇನ್ನೊಂದು ಆಟ ಕೇಳಿದರು. ಅದರಲ್ಲೂ ಸೋತರು. ಬಾದಾಮಿ ಕೊಂಡರು.

ಮಾವಿನ ಕಾಲ ಮುಗಿದ ಮೇಲೆ ಅಜ್ಜಿ ಮಿಷನ್ನನ್ನು ಭತ್ತದ ಹುಲ್ಲಿನಲ್ಲಿ ಸುತ್ತಿ, ಹಣ್ಣು ಹಾಕುವ ಮರದ ಪೆಟ್ಟಿಗೆಯಲ್ಲಿಟ್ಟು ಅಟ್ಟಕ್ಕೆ ಏರಿಸುತ್ತಿದ್ದರು. ನಾಜೂಕಿನ ಪದಾರ್ಥವನ್ನು ಇಡಲು ಅವರಿಗೆ ಗೊತ್ತಿದ್ದದ್ದು ಅದೊಂದೇ ವಿಧಾನ. ಮುಂದಿನ ಏಪ್ರಿಲ್‌ನಲ್ಲಿ ತೆಗೆದಾಗ ಅದರ ಮೈಯೆಲ್ಲ ರಸಪುರಿ ಪರಿಮಳ. ಕ್ಯಾಸೆಟ್ಟಿನ ಬಾಯಿಗೆ ಊದಿದರೆ ಹುಲ್ಲು ಬರುತ್ತಿತ್ತು. ಜಪಾನಿನ ಇಂಜಿನಿಯರುಗಳು ಕನಸಿನಲ್ಲೂ ಯೋಚಿಸಿರಲಾರದ ಈ ವ್ಯವಸ್ಥೆಯಲ್ಲಿ ಅದು ಒಂದು ದಿನವೂ ಕೆಡಲಿಲ್ಲ. ಅದಕ್ಕೇ ನನಗೆ ಆ ಕಂಪನಿಯ ಮೇಲೆ ಅಷ್ಟು ಅಭಿಮಾನ.

ಹೀಗಿರುವಾಗ ಮಾವನ ಮಗ ಒಂದು ಬೇಸಿಗೆ ಕೋಲಾರದಿಂದ ಬೇರೆ ಕಂಪನಿಯ ಮಿಷನ್ನು ತಂದ. ಬ್ಯಾಂಕಿನಲ್ಲಿದ್ದ ಮಾವ ಕೊಡಿಸಿದ್ದು. ಕ್ಯಾಸೆಟ್ ಇಲ್ಲ, ತಟ್ಟೆಯಂಥ ಸಿಡಿ. ಅವನ ಗತ್ತು ನೋಡಲಾಗುತ್ತಿರಲಿಲ್ಲ. ಹಳೆಯ ಪುಸ್ತಕದಂಗಡಿಯಿಂದ ಇಂಗ್ಲಿಷ್ ಪತ್ರಿಕೆಗಳನ್ನು ಬೇರೆ ತಂದಿದ್ದ.

"ನಿನ್ ಕಂಪನಿ ಮುಳುಗ್ತಾ ಐತೆ ಕಣೇ," ಅಂದ. "ಇದ್ರಲ್ಲಿ ಬರ್ದೌರೆ, ಓದು."

"ಮುಳುಗಲ್ಲ, ಸುಮ್ನೆ ಆರಾಮ್ ತಗೊಂತಾ ಐತೆ."

"ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲವಂತೆ!"

ತೋಳು ಕಚ್ಚಿದ್ದು ಆಗಲೇ. ಅವನು ಊರು ಒಂದಾಗುವ ಹಾಗೆ ಅರಚಿದ. ಅಜ್ಜಿ ಸೌಟು ಹಿಡಿದು ಓಡಿಬಂದು, "ಇವ್ರಿಬ್ರಿಗೂ ಗಂಟ್ ಹಾಕ್ಬಿಟ್ರೆ ಒಬ್ರನ್ನೊಬ್ರು ನೋಡ್ಕೊಂತಾರೆ, ನಮ್ಗಾದ್ರೂ ನೆಮ್ಮದಿ," ಅಂದರು. ನಾವಿಬ್ಬರೂ ಒಟ್ಟಿಗೆ ವಾಂತಿ ಬಂದವರಂತೆ ಸದ್ದು ಮಾಡಿದೆವು. ಜೀವನದಲ್ಲಿ ನಾವು ಒಮ್ಮತಕ್ಕೆ ಬಂದ ಮೊದಲ ವಿಷಯ ಅದು.

ತಾತ ಇಬ್ಬರನ್ನೂ ಗಾದಿಗೆ ಕರೆದು ವ್ಯವಹಾರದಂತೆ ವಿಚಾರಿಸಿದರು. ಕಂಪನಿ ಮಾಡಿದ ತಪ್ಪೇನು? ಮಾವನ ಮಗ ಪತ್ರಿಕೆ ನೋಡಿಕೊಂಡು ಹೇಳಿದ. ಒಂದು ಮಿಷನ್ನು ಮಾರಾಟವಾಗುವ ಮೊದಲೇ ಇನ್ನೊಂದು ತಂದರಂತೆ, ಅದಕ್ಕೆ ಮೇಲೊಂದು ಡಬ್ಬಿ, ಕೆಳಗೊಂದು ಡಬ್ಬಿ ಸೇರಿಸಿದರಂತೆ, ಅಂಗಡಿಯವರಿಗೂ ಹೇಳದೆ ಒಂದು ದಿನ ಹೊಸದನ್ನು ಬಿಟ್ಟರಂತೆ.

"ಹಳೇ ಲೋಡು ಹಂಗೇ ಇರುವಾಗ ಹೊಸಾ ಲೋಡ್ ಸುರಿದ್ರೆ ಹಳೇದನ್ ಯಾರ್ ಮುಟ್ತಾರೆ?" ಎಂದರು ತಾತ. "ಮಂಡಿಯೋರ್ಗೆ ಹೇಳ್ದೆ ಯಾರಾನಾ ಕಾಯಿ ಕೀಳ್ತಾರಾ? ಎಳೇದೇ ಕಿತ್ತೌರೆ." ಆಮೇಲೆ ಮಂಡಿಯ ಕಡೆ ಒಂದು ಸಲ ನೋಡಿ, "ದೊಡ್ಡೋರ್ ಆದ್ಮೇಲೆ ಎಲ್ರಿಗೂ ಹಂಗೇ, ಎದುರಿನ್ ಅಂಗಡಿ ಕಾಣಕಿಲ್ಲ," ಎಂದರು.

ಪಣ ಕಟ್ಟಿಸಿದ್ದೂ ಅವರೇ. ಎರಡು ಮಾವಿನ ಕಾಲ ಕಳೆಯುವುದರೊಳಗೆ ನನ್ನ ಕಂಪನಿ ಮಿಷನ್ನು ಮಾಡುವುದು ನಿಲ್ಲಿಸಿದರೆ ತಾತನ ಎಡಗಡೆಯ ಜಾಗ ಅವನಿಗೆ. ನಿಲ್ಲಿಸದಿದ್ದರೆ ಅವನ ಹೊಸ ಮಿಷನ್ನು ಅಟ್ಟದ ಹುಲ್ಲಿಗೆ. ಟವಲು ಬಿತ್ತು. ಎಷ್ಟು ಖಾತ್ರಿ ಎಂದು ಬೆರಳಲ್ಲಿ ಹೇಳಿ ಎಂದರು. ನಾನು ತಾತನ ಕೈಗೆ ಐದು ಬೆರಳೂ ಕೊಟ್ಟೆ. ಅವನು ನಾಲ್ಕೇ ಕೊಟ್ಟನೆಂದು ಬಹಳ ವರ್ಷಗಳ ಮೇಲೆ ಒಪ್ಪಿಕೊಂಡ. ತಾತನ ಮುಖದಲ್ಲಿ ಅಂದು ಏನೂ ಗೊತ್ತಾಗಲಿಲ್ಲ.

ಆ ಎರಡು ಕಾಲದಲ್ಲಿ ನಾನು ಕಂಪನಿಯ ಕ್ಷೇಮಕ್ಕೆ ಮುಳಬಾಗಿಲಿನ ಆಂಜನೇಯನಿಗೆ ವಾರಕ್ಕೊಮ್ಮೆ ಪ್ರದಕ್ಷಿಣೆ ಹಾಕಿದೆ. ಅರ್ಚಕರು, "ಪರೀಕ್ಷೆಗೇನಮ್ಮಾ?" ಎಂದು ಕೇಳಿದರೆ ಹೂಂ ಅನ್ನುತ್ತಿದ್ದೆ. ಜಪಾನಿಗೆ ಗಮನವೆಲ್ಲ ಕೊಟ್ಟು ಕೂತವಳಿಗೆ ಕಾಲಬುಡದಲ್ಲಿ ಆಗುತ್ತಿದ್ದದ್ದು ಕಾಣಲಿಲ್ಲ. ತೋತಾಪುರಿಯ ಲಾರಿಗಳು ತೋಟದಿಂದ ನೇರ ಜ್ಯೂಸ್ ಫ್ಯಾಕ್ಟರಿಗೆ ಹೋಗತೊಡಗಿದ್ದವು. ರಸ್ತೆಯ ಆಚೆ ಬದಿಗೆ ಹೊಸ ಮಂಡಿ ಬಂದಿತ್ತು, ಅಲ್ಲಿ ನಂಬರು ತೋರಿಸುವ ತಕ್ಕಡಿ, ಎರಡು ಫೋನು. ಅದರ ಯಜಮಾನ ಮೂವತ್ತರ ಹುಡುಗ. ಒಂದು ದಿನ ನೀರು ಕುಡಿಯಲು ಎದ್ದು ಅಡುಗೆ ಮನೆಗೆ ಹೋದೆ, ಕುಡಿದೆ, ವಾಪಸ್ಸು ಬಂದೆ. ಆಮೇಲೆ ಹೊಳೆಯಿತು, ನಾನು ಒಂದೂ ಮಾವಿನಕಾಯಿ ದಾಟಿರಲಿಲ್ಲ.

ಎರಡು ಸಾವಿರ ಇಸವಿ ದಾಟಿದ ಮೇಲಿನ ಬೇಸಿಗೆ. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿತ್ತು. ಶ್ರೀನಿವಾಸಪುರದಲ್ಲಿ ಬಸ್ಸಿಳಿದರೆ, ಕೋಲಾರದ ಬಸ್ಸಿನಿಂದ ಮಾವನ ಮಗನೂ ಇಳಿಯುತ್ತಿದ್ದಾನೆ. ಕೈಯಲ್ಲಿ ಪೇಪರಿನ ತುಂಡು. ಅವನು ಬಾಯಿ ಬಿಡುವುದೇ ಬೇಕಿರಲಿಲ್ಲ, ಆ ಕಿವಿಯವರೆಗಿನ ನಗು ನೋಡಿಯೇ ಗೊತ್ತಾಯಿತು. ಕಂಪನಿ ಇನ್ನು ಮಿಷನ್ನು ಮಾಡುವುದಿಲ್ಲ, ಮುಗಿಯಿತು. ನಾನು ಓಡಲು ಶುರು ಮಾಡಿದೆ. ಕೊನೆಗೊಂದು ಸಲ, ಐದೇ ನಿಮಿಷ, ನನ್ನ ಜಾಗದಲ್ಲಿ ಕೂತುಬಿಡೋಣ ಎಂದು. ಅವನೂ ಓಡಿದ. ಇಬ್ಬರೂ ಚೀಲ ಎಳೆದಾಡಿಕೊಂಡು, ಒಬ್ಬರ ಕಾಲಿಗೆ ಒಬ್ಬರು ಅಡ್ಡ ಹಾಕುತ್ತಾ, ನಗುತ್ತಾ, ಬೈಯುತ್ತಾ ಮಂಡಿಯ ಬಾಗಿಲಿಗೆ ಬಂದು ಬಿದ್ದೆವು.

ಮಂಡಿ ಗುಡಿಸಿ ಇಟ್ಟಿದ್ದರು. ಗಾದಿ ಇರಲಿಲ್ಲ. ಅದು ಇದ್ದ ಮೂಲೆಯಲ್ಲಿ ನೆಲ ಬೇರೆ ಬಣ್ಣಕ್ಕಿತ್ತು, ನಲವತ್ತು ವರ್ಷ ಬೆಳಕು ಬೀಳದ ಒಂದು ಚೌಕ.

"ಸೀಸನ್ ಶುರುವಾಗೋ ಮುಂಚೆ ಮುಚ್ಚಿಬಿಟ್ರು," ಎಂದರು ಅಜ್ಜಿ ಒಳಬಾಗಿಲಲ್ಲಿ ನಿಂತು. "ಮುಚ್ಚಿದ್ದಕ್ಕಲ್ಲ ನನ್ ಸಂಕಟ. ಎದುರು ಮಂಡಿಗೆ ಬೆರಳು ಹಿಡಿಯೋಕ್ ಹೋಗೌರೆ ನಿಮ್ ತಾತ. ಆ ಹುಡುಗನ್ ಗಾದಿ ತುದೀಲಿ ಕೂತ್ಕೊಂಡು."

ಗೆದ್ದವನು ಗೆದ್ದ ಜಾಗ ಹುಡುಕಿದ. ಹೋಗಿ ಆ ಚೌಕದ ಎಡ ತುದಿಯಲ್ಲಿ ಬರೀ ನೆಲದ ಮೇಲೆ ಕೂತ. ಅರ್ಧ ನಿಮಿಷ ಕೂತಿದ್ದನೋ ಇಲ್ಲವೋ. ಎದ್ದು ಪ್ಯಾಂಟು ಕೊಡವಿಕೊಂಡು, "ಬೇಡ ಕಣೇ, ನೀನೇ ಇಟ್ಕೋ," ಅಂದ. ಅವನ ಮೇಲೆ ನನಗೆ ಜೀವನದಲ್ಲಿ ಮೊದಲ ಸಲ ಪ್ರೀತಿ ಬಂತು. ಕೂಡಲೇ ಅಳುವೂ ಬಂತು.

ತಾತ ಮಧ್ಯಾಹ್ನ ಊಟಕ್ಕೆ ಬಂದರು, ಅದೇ ಟವಲು, ಅದೇ ನಗು. ನಮ್ಮ ಮೂತಿಗಳನ್ನು ನೋಡಿ, "ಏನಾಯ್ತೀಗ? ಮಂಡಿ ಹೋಯ್ತು, ಬೆರಳು ಹೋಯ್ತಾ?" ಎಂದು ಹತ್ತೂ ಬೆರಳು ಕುಣಿಸಿದರು. ಅಜ್ಜಿ ತಟ್ಟೆ ಇಡಲು ಒಳಗೆ ಹೋದರು. ನನಗೆ ನಾಚಿಕೆಯಾಗಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮುಳುಗುವುದಾದರೆ ಗಂಭೀರವಾಗಿ ಮುಳುಗಬೇಕು, ಎದುರಾಳಿಯ ಅಂಗಳಕ್ಕೆ ಹೋಗಿ ಕುಣಿಯಬಾರದು ಎಂಬುದು ಹದಿನಾರು ತುಂಬುತ್ತಿದ್ದ ನನ್ನ ಘನವಾದ ಅಭಿಪ್ರಾಯ. ಒಂದು ವರ್ಷ ಆ ಮಂಡಿಯ ಕಡೆ ತಲೆ ಹಾಕಲಿಲ್ಲ. ತಾತ ದಿನಾ ಬೆಳಿಗ್ಗೆ, "ಬರ್ತೀಯೇನೇ?" ಎಂದು ಕೇಳುತ್ತಿದ್ದರು. "ತಲೆನೋವು," ಅನ್ನುತ್ತಿದ್ದೆ. ಒಂದು ಇಡೀ ಮಾವಿನ ಕಾಲ ಒಂದೇ ತಲೆನೋವು.

ಮುಂದಿನ ಬೇಸಿಗೆ ಮಾವನ ಮಗ ಮತ್ತೆ ಮಿಷನ್ನು ಹೊತ್ತು ತಂದ, ಅದೇ ಎದುರಾಳಿ ಕಂಪನಿಯ ಇನ್ನೂ ಹೊಸದು. ಅಷ್ಟರಲ್ಲಿ ಮನೆಗೆ ಕಲರ್ ಟಿವಿ ಬಂದಿತ್ತು. "ಕಣ್ಣು ಮುಚ್ಕೋ," ಅಂದ. ಮುಚ್ಚಿಕೊಂಡೆ. ಗಂಟೆ ಬಾರಿಸಿತು. ಅಡುಗೆ ಮನೆಯಲ್ಲಿ ಅಜ್ಜಿಯ ಬಳೆ ಸದ್ದಾಯಿತು, ಕೈ ಮುಗಿದರು ಎಂದು ಗೊತ್ತಾಯಿತು. ಕಣ್ಣು ಬಿಟ್ಟೆ.

ನಮ್ಮ ಉಡ! ವೈರಿಯ ಮಿಷನ್ನಿನಲ್ಲಿ ನಮ್ಮ ಉಡ!

"ಕಂಪನಿ ಮಿಷನ್ ಮಾಡೋದು ಬಿಟ್ಟೈತೆ ಅಷ್ಟೇ. ಆಟ ಬಿಟ್ಟಿಲ್ಲ. ಈಗ ಇವ್ರ ಮಿಷನ್ನಿಗೂ ಮಾಡ್ಕೊಡ್ತಾರಂತೆ," ಅಂದ ಅವನು. ನನಗೆ ಅವನ ಮಾತು ಅರ್ಧವೇ ಕೇಳಿಸಿತು, ಯಾಕೆಂದರೆ ಉಡ ಬೂದಿ ಬಣ್ಣದ್ದಲ್ಲ, ಕಿತ್ತಳೆ ಬಣ್ಣದ್ದು! ಹೊಟ್ಟೆ ಹಳದಿ, ಬಾಲದ ತುದಿ ಕೆಂಪು, ಪಕ್ಕಾ ಕಳಿತ ಸೇಂದೂರ ಮಾವಿನಹಣ್ಣು. ಏಳು ವರ್ಷ ಅದು ಈ ಬಣ್ಣದಲ್ಲೇ ಕುಣಿದಿತ್ತು, ನಾವು ಬೂದಿ ಮಾಡಿ ನೋಡಿದ್ದೆವು. ನಗಲು ಶುರುವಾಯಿತು, ನಿಲ್ಲಿಸಲಾಗಲಿಲ್ಲ. ಅವನೂ ನಕ್ಕ, ಅಜ್ಜಿ ಬಂದು ಏನೆಂದು ಗೊತ್ತಿಲ್ಲದೆ ನಕ್ಕರು. ಉಡ ಮಾತ್ರ ನಮ್ಮನ್ನು ಲೆಕ್ಕಿಸದೆ, ಯಾರ ಮನೆ ಯಾರ ಅಂಗಳ ಎಂದು ನೋಡದೆ, ಎಗರಿ ಎಗರಿ ಬೀಳುತ್ತಿತ್ತು. ನಾಚಿಕೆ ಎಂಬುದೇ ಇಲ್ಲ ಅದಕ್ಕೆ.

ನಾನು ಎದ್ದು ಚಪ್ಪಲಿಯನ್ನೂ ಹಾಕಿಕೊಳ್ಳದೆ ರಸ್ತೆ ದಾಟಿದೆ.

ಎದುರು ಮಂಡಿ ಗಿಜಿಗಿಜಿ ಎನ್ನುತ್ತಿತ್ತು. ಗಾದಿಯ ನಡುವೆ ಆ ಯಜಮಾನ, ತುದಿಯಲ್ಲಿ, ಅರ್ಧ ತೊಡೆ ಹೊರಗೆ ಬಿಟ್ಟುಕೊಂಡು ನಮ್ಮ ತಾತ. ಟವಲಿನ ಕೆಳಗೆ ಯಾರದೋ ಕೈ. ಮುಖ ನಿದ್ದೆಯಲ್ಲಿತ್ತು. ವ್ಯಾಪಾರ ಮುಗಿದು ಟವಲು ಕೊಡವುವಾಗ ನನ್ನನ್ನು ನೋಡಿದರು.

"ತಲೆನೋವ್ ಹೋಯ್ತೇನೇ?"

"ಹೋಯ್ತು ತಾತ."

ತಾತ ಯಜಮಾನನ ಕಡೆ ತಿರುಗಿ, "ಒಸಿ ಜರುಗಪ್ಪಾ," ಎಂದರು. ಎರಡು ಫೋನಿನ ಯಜಮಾನ ಒಂದು ಫೋನನ್ನು ಎತ್ತಿಕೊಂಡು ಜರುಗಿದ. ತಾತ ಬಲಕ್ಕೆ ಸರಿದರು. ಅವರ ಎಡಗಡೆ ಒಂದೂವರೆ ಅಡಿ ಜಾಗವಾಯಿತು. ಕೂತೆ. ನಾನು ಬೆಳೆದಿದ್ದೆ, ಜಾಗ ಸಾಲಲಿಲ್ಲ, ಆದರೂ ಕೂತೆ.

"ತಾತ, ಗಿರಗಿಟ್ಲೆ ಹೇಳ್ಕೊಡು. ಇವತ್ತು ಹೇಳ್ಲೇಬೇಕು."

"ಇಲ್ಲೇನಾ?" ಎಂದು ಸುತ್ತ ನೋಡಿದರು. ಹಳೆಯ ಹಮಾಲಿಗಳು ಒಂದಿಬ್ಬರು ಕಿವಿ ನಿಮಿರಿಸಿ ಹತ್ತಿರ ಬಂದರು, ಏಳು ವರ್ಷದಿಂದ ಅವರಿಗೂ ಅದೇ ಪ್ರಶ್ನೆ. ತಾತ ಟವಲು ತೆಗೆದು ನಮ್ಮಿಬ್ಬರ ಕೈ ಮೇಲೆ ಹಾಕಿದರು. ನಾನು ಉಸಿರು ಬಿಗಿಹಿಡಿದು ಕಾದೆ. ಮೊದಲು ಯಾವ ಬೆರಳು, ಆಮೇಲೆ ಯಾವುದು, ಎಷ್ಟು ಸಲ, ಎಲ್ಲ ನೆನಪಿಟ್ಟುಕೊಳ್ಳಬೇಕೆಂದು.

ಬೆರಳು ಬರಲಿಲ್ಲ. ತಾತ ನನ್ನ ಕೈಯನ್ನು ಪೂರಾ ಹಿಡಿದುಕೊಂಡು ಗಟ್ಟಿಯಾಗಿ ಒತ್ತಿದರು. ಅಷ್ಟೇ. ಅವರ ಅಂಗೈ ಬೆವರಿ ಮುದ್ದೆಯಾಗಿತ್ತು. ಆಗ ತಾನೇ ವ್ಯಾಪಾರ ಮುಗಿಸಿದ ಕೈ ಅದು, ವರ್ಷವೆಲ್ಲ ಆ ಗಾದಿಯ ತುದಿಯಲ್ಲಿ ಕೂತಿದ್ದ ಕೈ. ನಾನು ತಲೆಯೆತ್ತಿ ನೋಡಿದೆ. ಮುಖ ಊಟ ಮುಗಿಸಿ ನಿದ್ದೆಗೆ ಹೊರಟವರ ಮುಖ.

"ಇಷ್ಟೇನಾ ತಾತ?" ಎಂದು ಪಿಸುಗುಟ್ಟಿದೆ.

"ಇಷ್ಟೇ ಕಣೇ," ಎಂದರು ಅವರೂ ಪಿಸುಮಾತಿನಲ್ಲಿ. "ಯಾವ್ದು ಒತ್ಬೇಕು ಅಂತ ನನ್ಗೆಲ್ ಗೊತ್ತು? ಎಲ್ಲಾ ಒಟ್ಗೆ ಒತ್ಬಿಡೋದು. ಟವಲ್ ಮಾತ್ರ ತೆಗೀಬಾರ್ದು."

ಹಮಾಲಿಯೊಬ್ಬ, "ಏನಂತಮ್ಮಾ ಗುಟ್ಟು?" ಎಂದು ಕೇಳಿದ. ನನಗೆ ಬಿದ್ದು ಬಿದ್ದು ನಗಬೇಕು, ಕೂಗಬೇಕು, ತಾತನನ್ನು ಅಪ್ಪಿಕೊಂಡು ಅಳಬೇಕು, ಎಲ್ಲವೂ ಒಟ್ಟಿಗೆ ಆಗುತ್ತಿತ್ತು. ಆದರೆ ಟವಲಿನ ಕೆಳಗೆ ಕೈ ಇತ್ತು. ನಾನು ನಿದ್ದೆ ಬಂದವಳ ಮುಖ ಮಾಡಿಕೊಂಡು, ಐದೂ ಬೆರಳಿನಿಂದ ತಿರುಗಿ ಒತ್ತಿದೆ.